ಆರಕ್ಕೆ ರಾತ್ರಿ

ಹೋದ ತಿಂಗಳು ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಎದುರಿಗೇ ನಾನು ಹಿಂದೆ ಕೆಲಸಕ್ಕಿದ್ದ ಲಾಡ್ಜಿನ ಯಜಮಾನರ ಫ್ಲೆಕ್ಸ್. ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಫೋಟೋ ತೆಗೆಯುವವನಿಗೂ ಏನೋ ಸಲಹೆ ಹೇಳಲು ಹೊರಟಂತಿರುವ ಬಾಯಿ. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ಕೆಳಗೆ ‘ಮತ್ತೆ ಹುಟ್ಟಿ ಬನ್ನಿ’. ಬೇಡ ಸಾರ್, ಒಂದು ಸಲ ಬಂದದ್ದೇ ಸಾಕು ಎಂದುಕೊಂಡೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಇದ್ದಾಗ ಆಡಲು ಬಿಡಲಿಲ್ಲ, ಸತ್ತ ಮೇಲೆ ಆಡಬಾರದು. ಹಾಗಾದರೆ ಆಡುವುದು ಯಾವಾಗ?

ನಾನು ಹನಗೋಡಿನವಳು. ಹುಣಸೂರಿನಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಅವರ ಲಾಡ್ಜಿನ ಕೌಂಟರಿನಲ್ಲಿ ಜಾಗ ಸಿಕ್ಕಿತು. ಇಂಗ್ಲಿಷ್ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ.

“ಜಾಸ್ತಿ ಬರೋದು ಬೇಡ ಕಣಮ್ಮ. ನೋ ಅನ್ನೋದು ನೆಟ್ಟಗೆ ಬಂದ್ರೆ ಸಾಕು,” ಎಂದರು. ತಮಾಷೆ ಎಂದುಕೊಂಡು ನಕ್ಕಿದ್ದೆ. ಅದು ತಮಾಷೆಯಲ್ಲ, ಅವರ ಇಡೀ ಕಸುಬೇ ಅದು ಎಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಈ ಕಡೆಯ ಪರಿಚಯ ಇಲ್ಲದವರಿಗೆ ಒಂದು ಮಾತು ಹೇಳಬೇಕು. ಪಿರಿಯಾಪಟ್ಟಣದಿಂದ ಕೊಡಗಿನ ದಾರಿ ಹಿಡಿದರೆ ಬೈಲಕುಪ್ಪೆಯಲ್ಲಿ ಟಿಬೆಟನ್ನರ ಕ್ಯಾಂಪು. ಅಲ್ಲಿಯ ದೊಡ್ಡ ಬುದ್ಧ ವಿಗ್ರಹಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಹಗಲು ಯಾರು ಬೇಕಾದರೂ ಹೋಗಿ ನೋಡಿ ಬರಬಹುದು. ಆದರೆ ವಿದೇಶದ ಪಾಸ್‌ಪೋರ್ಟು ಇರುವವರು ಕ್ಯಾಂಪಿನೊಳಗೆ ರಾತ್ರಿ ತಂಗಬೇಕಾದರೆ ದಿಲ್ಲಿಯಿಂದ ಪರ್ಮಿಟ್ ಬರಬೇಕು. ಅದು ಬರುವಷ್ಟರಲ್ಲಿ ಎಷ್ಟೋ ಜನರ ವೀಸಾವೇ ಮುಗಿದಿರುತ್ತದೆ. ಇದು ಗೊತ್ತಿಲ್ಲದೆ ದೊಡ್ಡ ಚೀಲ ಬೆನ್ನಿಗೆ ಹೇರಿಕೊಂಡು ಬಂದು, ಅಲ್ಲಿಯ ಗೆಸ್ಟ್ ಹೌಸುಗಳಲ್ಲಿ ಆಗುವುದಿಲ್ಲ ಅನ್ನಿಸಿಕೊಂಡು, ಮುಖ ಬಾಡಿಸಿಕೊಂಡು ವಾಪಸ್ ಬಸ್ಸು ಹತ್ತುವವರೇ ನಮ್ಮ ಗಿರಾಕಿಗಳು. ಅವರು ಹಗಲೆಲ್ಲ ಕ್ಯಾಂಪಿನಲ್ಲಿರುತ್ತಿದ್ದರು, ರಾತ್ರಿ ನಮ್ಮಲ್ಲಿ ಮಲಗುತ್ತಿದ್ದರು.

ಸಂಜೆ ಅವರನ್ನು ಕರೆತರಲು ನಮ್ಮ ಲಾಡ್ಜಿನ ಜೀಪು ಹೋಗುತ್ತಿತ್ತು. ಇಂಥ ಏರ್ಪಾಡು ಬೇರೆ ಯಾವ ಲಾಡ್ಜಿನಲ್ಲೂ ಇರಲಿಲ್ಲ. ಆರು ಗಂಟೆಗೆ ಸರಿಯಾಗಿ ಕ್ಯಾಂಪಿನ ಬುದ್ಧ ದೇವಸ್ಥಾನದ ಗೇಟಿನ ಮುಂದೆ ನಿಂತು ಉದ್ದಕ್ಕೆ ಹಾರನ್ ಹೊಡೆಯಬೇಕು. ಬೇಸಿಗೆಯಲ್ಲಿ ಇನ್ನೂ ಬಿಸಿಲಿರುತ್ತಿತ್ತು. ಇಷ್ಟು ಬೇಗ ಯಾಕೆ ಸಾರ್ ಎಂದು ನಾನೊಮ್ಮೆ ಕೇಳಿದ್ದೆ.

“ಸೂರ್ಯ ಯಾವಾಗ್ಲಾದ್ರೂ ಮುಳುಗ್ಲಿ ಕಣಮ್ಮ. ನಮ್ ಲಾಡ್ಜಲ್ಲಿ ಆರಕ್ಕೆ ರಾತ್ರಿ,” ಎಂದಿದ್ದರು. ಊರಿನವರು ಅದಕ್ಕೆ ಕೋಳಿ ಜೀಪು ಎಂದು ಹೆಸರಿಟ್ಟಿದ್ದರು. ಕತ್ತಲಾಗುವ ಮೊದಲೇ ಗೂಡಿಗೆ ಸೇರಿಸುತ್ತದಲ್ಲ, ಅದಕ್ಕೆ. ಆ ಹೆಸರು ಕೇಳಿ ಅವರಿಗೆ ಸಿಟ್ಟು ಬರಲಿಲ್ಲ, ಖುಷಿಯಾಯಿತು.

ಮಾತುಗಾರ. ಅದನ್ನು ಅಲ್ಲಗಳೆಯಲಾರೆ. ಒಮ್ಮೆ ಯಾವನೋ ಒಬ್ಬ ಬಿಳಿಯ ತಲೆ ನುಣ್ಣಗೆ ಬೋಳಿಸಿಕೊಂಡು, ಮರೂನ್ ಬಣ್ಣದ ನಿಲುವಂಗಿ ಹೊದ್ದು, ನಾನೀಗ ಸನ್ಯಾಸಿ, ನನಗ್ಯಾಕೆ ಪರ್ಮಿಟ್ ಎಂದು ಕೌಂಟರಿನ ಮುಂದೆ ವಾದಕ್ಕೆ ನಿಂತ. ಇವರು ಶಾಂತವಾಗಿ ಕೇಳಿಸಿಕೊಂಡು ನನ್ನ ಕಡೆ ತಿರುಗಿ, “ಬಟ್ಟೆ ಸನ್ಯಾಸೀದು, ಪಾಸ್‌ಪೋರ್ಟು ಸಂಸಾರೀದು. ಪೋಲೀಸ್ನೋರು ನೋಡೋದು ಪಾಸ್‌ಪೋರ್ಟ್ನ ಅಂತ ಹೇಳಮ್ಮ,” ಎಂದರು. ನಾನು ಹೇಗೋ ಇಂಗ್ಲಿಷಿನಲ್ಲಿ ಹೇಳಿದೆ. ಅವನೂ ನಕ್ಕು ಜೀಪು ಹತ್ತಿದ.

ಒಂದು ಸಲ ಮಾತ್ರ ಅವರ ಮಾತಿಗೆ ಮನಸ್ಸಿನಲ್ಲೇ ಕೈಮುಗಿದಿದ್ದೆ. ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡು ಬಂದಿದ್ದ ಗಂಡ ಹೆಂಡತಿ ಎಚ್.ಡಿ.ಕೋಟೆ ಕಡೆಯ ಕಾಡಂಚಿನ ಗಿರಿಜನರ ಹಾಡಿಗಳಿಗೆ ಹೋಗಬೇಕು, ಅಲ್ಲಿಯ ಮಕ್ಕಳ ಫೋಟೋ ತೆಗೆಯಬೇಕು ಎಂದರು. ಅದಕ್ಕೂ ಅನುಮತಿ ಬೇಕು ಎಂದು ಇವರು ಮೊದಲು ಹೇಳಿದರು. ಆಮೇಲೆ, “ನಾವು ನಿಮ್ಮೂರಿಗೆ ಬಂದು ಬಾಗಿಲು ತಟ್ಟಿ, ನಿಮ್ ಮಕ್ಕಳ ಮೂಗು ಸುರಿಯೋ ಫೋಟೋ ಕೊಡಿ ಅಂತ ಕೇಳ್ತೀವಾ?” ಎಂದರು. ನಮ್ಮ ಜೀಪಿನ ಡ್ರೈವರ್ ಮಾದ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಅವನು ಅಂಥದೇ ಒಂದು ಹಾಡಿಯವನು. ಆ ದಿನವೆಲ್ಲ ಅವನು ಸಾರ್, ಸಾರ್ ಎಂದು ಹೆಚ್ಚೇ ಅಂದ. ಇಂಥ ಒಂದೊಂದು ಮಾತಿಗೆ ಮರುಳಾಗಿಯೇ ನಾವೆಲ್ಲ ಅಲ್ಲಿ ಅಷ್ಟು ಕಾಲ ಉಳಿದದ್ದು.

ಪರ್ಮಿಟ್ಟಿನ ವಿಷಯದಲ್ಲಿ ಯಾಕಿಷ್ಟು ಭಯ ಎಂಬುದಕ್ಕೆ ಅವರೇ ಹೇಳುತ್ತಿದ್ದ ಕಾರಣವೊಂದಿತ್ತು. ಲಾಡ್ಜ್ ಶುರುಮಾಡಿದ ಹೊಸತರಲ್ಲಿ ಒಬ್ಬ ವಿದೇಶಿ ಇವರಲ್ಲಿ ರೂಮು ಹಿಡಿದು, ರಾತ್ರಿ ಕ್ಯಾಂಪಿನ ಗೆಳೆಯನ ಮನೆಯಲ್ಲಿ ಮಲಗಿ ಸಿಕ್ಕಿಬಿದ್ದನಂತೆ. ಅವನನ್ನು ದೇಶ ಬಿಡಿಸಿ ಕಳಿಸಿದರು. ಇವರನ್ನು ಸ್ಟೇಷನ್ನಿಗೆ ಕರೆಸಿ ಬೆಳಗಿಂದ ಸಂಜೆವರೆಗೆ ಬೆಂಚಿನ ಮೇಲೆ ಕೂರಿಸಿದರಂತೆ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ಏನೂ ಕೇಳಲೂ ಇಲ್ಲ. ಆದರೆ ಊರಿನವರು ಕಿಟಕಿಯಿಂದ ಇಣುಕಿ ನೋಡಿಕೊಂಡು ಹೋದರು. “ಶಿವಪೂಜೆ ಮಾಡೋ ಮನೆತನ ಕಣಮ್ಮ ನಮ್ದು. ಆ ಬೆಂಚಿನ ಮೇಲೆ ಕಳ್ಳನ ಪಕ್ಕ ಕೂತಿದ್ದೆ,” ಎಂದು ಹೇಳುವಾಗ ಅವರ ದನಿ ಕುಗ್ಗುತ್ತಿತ್ತು. ಕೇಳಿದವರಿಗೆ ಅಯ್ಯೋ ಅನ್ನಿಸುತ್ತಿತ್ತು. ನನಗೂ ಅನ್ನಿಸಿತ್ತು. ಆದರೆ ಭಯ ಹಳೆಯದಾದರೆ ಹೆಮ್ಮೆಯಾಗಿಬಿಡುತ್ತದೆ. ಅವರಿಗೆ ಹಾಗೇ ಆಯಿತು. ಸಂಜೆ ಜೀಪು ಬಂದ ಮೇಲೆ ಎಲ್ಲರೂ ಬಂದರು ಎಂದು ತಾವೇ ಪೊಲೀಸರಿಗೆ ಫೋನು ಮಾಡಿ ಹೇಳುವರು. ಹಾಗೆ ಹೇಳಿ ಎಂದು ಯಾರೂ ಅವರನ್ನು ಕೇಳಿರಲಿಲ್ಲ.

ಪೇಮಾ ಬಂದದ್ದು ಒಂದು ಮಧ್ಯಾಹ್ನ. ಜೀನ್ಸ್ ಪ್ಯಾಂಟು, ವಿಮಾನದ ಚೀಟಿ ಇನ್ನೂ ಕಿತ್ತುಹಾಕದ ಸೂಟ್‌ಕೇಸು. ನಾನು ಅಭ್ಯಾಸಬಲದಿಂದ ಇಂಗ್ಲಿಷಿನಲ್ಲಿ ಪಾಸ್‌ಪೋರ್ಟ್ ಕೇಳಿದೆ.

“ಕನ್ನಡದಲ್ಲೇ ಮಾತಾಡಕ್ಕ. ನಾನು ಇಲ್ಲೇ ಹುಟ್ಟಿದೋಳು,” ಎಂದಳು. ನಮ್ಮ ಕಡೆಯ ಕನ್ನಡ, ಒಂದಕ್ಷರ ಆಚೆ ಈಚೆ ಇಲ್ಲ. ಹುಟ್ಟಿ ಬೆಳೆದದ್ದು ಬೈಲಕುಪ್ಪೆಯ ಕ್ಯಾಂಪಿನಲ್ಲಿ. ನರ್ಸಿಂಗ್ ಓದಿ, ಮದುವೆಯಾಗಿ ಬೆಲ್ಜಿಯಂಗೆ ಹೋಗಿ, ಅಲ್ಲಿಯ ಪ್ರಜೆಯಾಗಿದ್ದಳು. ತಾಯಿಗೆ ಕಾಯಿಲೆ ಜೋರಾಗಿದೆ ಎಂದು ನೆರೆಮನೆಯವರು ಫೋನು ಮಾಡಿದ್ದೇ ತಡ, ಸಿಕ್ಕಿದ ವಿಮಾನ ಹತ್ತಿ ಬಂದಿದ್ದಳು. ಮನೆಗೆ ಹೋದ ಮೇಲೆ ಅಲ್ಲಿಯವರೇ ಹೇಳಿದರಂತೆ, ನೀನೀಗ ವಿದೇಶಿ, ಪರ್ಮಿಟ್ ಇಲ್ಲದೆ ಇಲ್ಲಿ ಮಲಗುವಂತಿಲ್ಲ, ಪಿರಿಯಾಪಟ್ಟಣದ ಆ ಲಾಡ್ಜಿಗೆ ಹೋಗು, ಅವರಿಗೆ ಎಲ್ಲ ಗೊತ್ತು ಎಂದು.

ಯಜಮಾನರು ಪಾಸ್‌ಪೋರ್ಟನ್ನು ದೂರ ಹಿಡಿದು ಗಟ್ಟಿಯಾಗಿ ಓದಿದರು. “ಹುಟ್ಟಿದೂರು ಬೈಲಕುಪ್ಪೆ. ದೇಶ ಬೆಲ್ಜಿಯಂ.” ಅದನ್ನು ಮುಚ್ಚಿ ಕೌಂಟರಿನ ಮೇಲಿಟ್ಟು, “ಹುಟ್ಟೋದು ಎಲ್ಲಾದ್ರೂ ಹುಟ್ಬಹುದು ಕಣವ್ವ. ಮಲಗೋದು ಮಾತ್ರ ಪಾಸ್‌ಪೋರ್ಟು ಹೇಳ್ದ ಕಡೆ,” ಎಂದರು.

ಸಹಾಯ ಮಾಡಲಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಆ ಸಂಜೆಯೇ ತಾವೇ ಕಂಪ್ಯೂಟರಿನ ಮುಂದೆ ಕುಳಿತು ಅವಳ ಅರ್ಜಿ ತುಂಬಿಸಿದರು. ಡಾಕ್ಟರ ಪತ್ರ ಜೊತೆಗೆ ಸೇರಿಸು ಎಂದರು. ಬೆಳಿಗ್ಗೆ ಎದ್ದರೆ ದಿಲ್ಲಿಗೆ ಫೋನು. ಅವಳಿಗೆಂದು ನೆಲಮಹಡಿಯ ಶಬ್ದವಿಲ್ಲದ ರೂಮು ಕೊಟ್ಟರು. ಆದರೆ ಆರು ಗಂಟೆ ಆರು ಗಂಟೆಯೇ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ತಾಯಿಯ ಮೈ ಒರೆಸಿ, ಗಂಜಿ ಕುಡಿಸಿ, ಮಾತ್ರೆ ಕೊಟ್ಟು ಕೂರುವಳು. ಸಂಜೆ ಮಾದ ಹಾರನ್ ಹೊಡೆದರೆ ಎದ್ದು ಬರುವಳು. ದಿನವೂ ಇದೇ.

ಒಂದು ದಿನ ನಾನೂ ಅವಳ ಜೊತೆ ಹೋಗಿದ್ದೆ. ಆ ತಾಯಿಯನ್ನು ನಾನು ಮೊದಲೇ ಬಲ್ಲೆ. ಚಳಿಗಾಲದಲ್ಲಿ ಮೈಸೂರಿನ ಫುಟ್‌ಪಾತಿನಲ್ಲಿ ಸ್ವೆಟರ್ ಮಾರುತ್ತಿದ್ದವರು. ಚೌಕಾಸಿಗೆ ಇಳಿದರೆ ನಮ್ಮ ಸಂತೆಯ ಹೆಂಗಸರನ್ನೂ ಮೀರಿಸುತ್ತಿದ್ದರು. ಈಗ ಹಾಸಿಗೆಗೆ ಅಂಟಿಕೊಂಡಿದ್ದರು. ಬುದ್ಧಿ ಒಮ್ಮೆ ಸರಿಯಿರುವುದು, ಒಮ್ಮೆ ಕದಡುವುದು. ಮಗಳು ನೀರು ತರಲು ಹೊರಗೆ ಹೋದಾಗ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು.

“ನನ್ ಮಗ್ಳು ನಿಮ್ ಲಾಡ್ಜಲ್ಲಿ ಯಾಕವ್ವ ಮಲಗ್ತಾಳೆ? ನಮ್ ಮನೇಲಿ ಜಾಗ ಇಲ್ವಾ?”

ಸರ್ಕಾರದ ರೂಲು ಅಮ್ಮ ಎಂದೆ. ಅವರಿಗೆ ಅದು ತಲೆಗೆ ಹತ್ತಲಿಲ್ಲ.

“ನನ್ ಮ್ಯಾಲೆ ಮುನಿಸ್ಕೊಂಡವ್ಳೆ,” ಎಂದರು. “ಅವ್ಳ ಮದ್ವೇಲಿ ನಾನು ಜಗಳ ಆಡಿದ್ದೆ. ಅದ್ನ ಇನ್ನೂ ಮನ್ಸಲ್ಲಿ ಮಡಿಕೊಂಡವ್ಳೆ. ಒಂದಿನ ಇಲ್ಲಿ ಮಲಗಿ ಎದ್ರೆ ಮುನಿಸಿಲ್ಲ ಅಂತ ನಂಬ್ತೀನಿ, ಹೇಳವ್ವ ಅವ್ಳಿಗೆ.”

ಇದನ್ನು ಲಾಡ್ಜಿಗೆ ಬಂದು ಯಜಮಾನರಿಗೆ ಹೇಳಿದೆ. ಬೇರೇನೂ ಬೇಡ ಸಾರ್, ಒಂದೇ ಒಂದು ರಾತ್ರಿ, ಆ ಮುದುಕಿಯ ಮನಸ್ಸಿಗೆ ನೆಮ್ಮದಿಯಾಗುತ್ತದೆ ಎಂದೆ. ಮಾದನೂ ಅಲ್ಲೇ ನಿಂತಿದ್ದ. ಅವನು ಸಾಮಾನ್ಯವಾಗಿ ಬಾಯಿ ಬಿಡುವವನಲ್ಲ.

“ಅವ್ವನ್ ತಾವ ಮಲಗೋಕೂ ಪರ್ಮಿಟ್ ಬೇಕಾ ಸಾರ್?” ಎಂದ. “ನಮ್ಮಪ್ಪನ್ನ ಮಣ್ಣು ಮಾಡಿರೋದು ಕಾಡೊಳಗೆ. ಅಲ್ಲಿಗೆ ವೋಗಿ ಒಂದು ಕಾಯಿ ಒಡೀಬೇಕು ಅಂದ್ರೂ ಫಾರೆಸ್ಟ್ ಗೇಟಲ್ಲಿ ಕೇಳ್ಬೇಕು. ಕೇಳ್ತೀವಿ. ಒಂದೊಂದ್ಸಲ ಬುಡ್ತಾರೆ, ಒಂದೊಂದ್ಸಲ ಇಲ್ಲ. ನೀವೂ ಒಂದ್ ಮಾತು ಕೇಳಿ ನೋಡಿ ಸಾರ್.”

“ಕೇಳೋದು ಏನ್ಲಾ ಕೇಳೋದು? ರೂಲು ಅಂದ್ರೆ ರೂಲು. ನೀನು ಹಾರನ್ ಹೊಡಿಯೋದು ನೋಡ್ಕೊ,” ಎಂದು ಒಳಗೆ ಹೋದರು.

ಕೇಳುವುದು ಎಂಬ ಪದವೇ ಅವರಿಗೆ ಆಗುತ್ತಿರಲಿಲ್ಲ. ಕೇಳಲು ಹೋದರೆ ಮತ್ತೆ ಆ ಸ್ಟೇಷನ್ನಿನ ಮೆಟ್ಟಿಲು ಹತ್ತಬೇಕು. ಎಲ್ಲರೂ ಬಂದರು ಎಂದು ಒಪ್ಪಿಸಲು ಫೋನು ಮಾಡುವವರಿಗೆ, ಒಬ್ಬಳನ್ನು ಬಿಡಬಹುದೇ ಎಂದು ಕೇಳಲು ಅದೇ ಫೋನು ಭಾರವಾಗುತ್ತಿತ್ತು.

ಆಮೇಲೊಂದು ಸಂಜೆ ಮಾದ ಖಾಲಿ ಜೀಪು ತಂದ. ತಾಯಿಯ ಉಸಿರು ಕೆಟ್ಟಿದೆ, ಇವತ್ತೋ ನಾಳೆಯೋ ಎನ್ನುತ್ತಿದ್ದಾರೆ, ಪೇಮಾ ಏಳುವುದಿಲ್ಲ ಎಂದಳು, ನಾನೂ ಎರಡನೇ ಸಲ ಕರೆಯಲಿಲ್ಲ ಎಂದ. ಅವರು ಮಾದನನ್ನು ಬೈಯಲಿಲ್ಲ. ಅಂಗಿಯ ಮೇಲೆ ಶಲ್ಯ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ತಾವೇ ಹೊರಟರು. ನಾನು ಹೋದದ್ದು ಅಲ್ಲಿ ಆ ಮುಖ ನೋಡಿದರೆ ಇವರ ಮನಸ್ಸು ಕರಗೀತು ಎಂಬ ಆಸೆಯಿಂದ.

ಮನೆಯೊಳಗೆ ತುಪ್ಪದ ದೀಪ ಉರಿಯುತ್ತಿತ್ತು. ಪೇಮಾ ತಾಯಿಯ ಕಾಲು ಒತ್ತುತ್ತಾ ಕುಳಿತಿದ್ದಳು. ಇವರು ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲ ಹತ್ತಿರ ಕೈಮುಗಿದು ನಿಂತರು. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಅವಳು ಎದುರು ಬೀಳುತ್ತಿದ್ದಳೇನೋ.

“ಏಳವ್ವ. ನಿನ್ ಒಳ್ಳೇದಕ್ಕೇ ಹೇಳ್ತಿರೋದು. ಸಿಕ್ಕಿಬಿದ್ರೆ ನಾಳೆನೇ ವಿಮಾನ ಹತ್ತಿಸ್ತಾರೆ. ಬ್ಲಾಕ್‌ಲಿಸ್ಟ್ ಮಾಡ್ತಾರೆ. ಇವ್ರ ಕಾರ್ಯಕ್ಕೂ ನೀನು ಇರೋಕಾಗಲ್ಲ. ಪಕ್ಕದ ಮನೆಯೋರ್ಗೂ ತೊಂದ್ರೆ. ಒಂದ್ ರಾತ್ರಿ ಆಸೆಗೆ ಎಲ್ಲ ಕಳ್ಕೋಬೇಡ. ಬೆಳಗ್ಗೆ ನಾನೇ ಜೀಪಲ್ಲಿ ಕರ್ಕೊಂಡು ಬತ್ತೀನಿ.”

ಅಕ್ಷರಕ್ಷರವೂ ಸರಿಯಾದ ಸಲಹೆ. ಯಾವ ಪುಸ್ತಕದಲ್ಲಿ ನೋಡಿದರೂ ಹಾಗೇ ಬರೆದಿರುತ್ತದೆ. ಪೇಮಾ ಬಹಳ ಹೊತ್ತು ಅವರ ಮುಖ ನೋಡಿದಳು. ಕಾರ್ಯಕ್ಕೂ ಇರುವಂತಿಲ್ಲ ಎಂಬ ಮಾತೇ ಅವಳನ್ನು ಎಬ್ಬಿಸಿತು. ಎದ್ದು ಹೊದಿಕೆ ಸರಿಮಾಡಿದಳು. ತಾಯಿ ಕಣ್ಣು ಬಿಟ್ಟು, ಹೋಗ್ತಾ ಇದೀಯಾ ಎಂದರು. ಕನ್ನಡದಲ್ಲೇ ಅಂದರು, ಬಂದವರಿಗೂ ತಿಳಿಯಲಿ ಎಂದೋ ಏನೋ. ಮಗಳು ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಅದನ್ನು ಇವರೂ ನೋಡಿದರು, ನಾನೂ ನೋಡಿದೆ.

ಬೆಳಕು ಹರಿಯುವ ಮೊದಲೇ ಜೀವ ಹೋಗಿತ್ತು. ಸುದ್ದಿ ಬಂದಾಗ ಪೇಮಾ ಲಾಡ್ಜಿನ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಂಡು ಕುಳಿತಿದ್ದಳು, ಮೊದಲ ಬಸ್ಸಿಗೆ ಕಾಯುತ್ತಾ. ಅವರೇ ಜೀಪು ತೆಗೆಸಿದರು, ದಾರಿಯಲ್ಲಿ ನಿಲ್ಲಿಸಿ ಹೂವು ಕೊಂಡರು, ದಿನವಿಡೀ ಅಲ್ಲಿ ನಿಂತು ಓಡಾಡಿದರು. ಸಂಜೆ ಬಂದು ನನ್ನ ಮುಂದೆ ಕುರ್ಚಿಯಲ್ಲಿ ಕುಸಿದರು.

“ಪಾಪ ಕಣಮ್ಮ. ಆದ್ರೆ ನೋಡು, ರೂಲು ಮುರೀಲಿಲ್ಲ. ಅದಕ್ಕೇ ಕಾರ್ಯಕ್ಕೆ ಇರೋಕಾಯ್ತು,” ಎಂದರು.

ವಿದೇಶಿಯರ ವಿಚಾರ ನೋಡಿಕೊಳ್ಳುವ ಪೇದೆಯೊಬ್ಬರು ಆಗಾಗ ನಮ್ಮಲ್ಲಿಗೆ ಬರುತ್ತಿದ್ದರು. ಅದಾದ ಎರಡು ಮೂರು ದಿನಕ್ಕೆ ಬಂದು ಟೀ ಕುಡಿಯುತ್ತಾ ಕೂತಾಗ ಈ ಮಾತು ಬಂತು. ಪೇದೆ ಲೋಟ ಕೆಳಗಿಟ್ಟರು.

“ಅಯ್ಯೋ, ಒಂದು ಫೋನ್ ಹಾಕ್ಬಾರ್ದಿತ್ತಾ ಸಾರ್? ಹೆತ್ತವ್ವ ಸಾಯ್ತಾ ಅವ್ಳೆ, ಡಾಕ್ಟ್ರು ಕಾಗ್ದ ಅದೆ ಅಂದಿದ್ರೆ ನಮ್ ಸಾಹೇಬ್ರೇ ಇರ್ಲಿ ಬುಡಿ ಅಂತಿದ್ರು. ಹಿಂದೆ ಇಂಥದ್ದೇ ಒಂದಕ್ಕೆ ಬುಟ್ಟಿದ್ವಲ್ಲ. ಆವಾಗ ಅವ್ರ ಮನೆಯೋರು ಬಂದು ಕೇಳ್ಕೊಂಡಿದ್ರು. ನೀವು ದಿನಾ ಫೋನ್ ಮಾಡ್ತಿದ್ರಿ, ಈ ಮಾತು ಎತ್ಲೇ ಇಲ್ಲ.”

ಯಜಮಾನರು ಹಣೆ ಒರೆಸಿಕೊಂಡರು, ವಿಭೂತಿ ಬೆರಳಿಗೆ ಹತ್ತಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಇಲ್ಲಿ ಪೂಜಾರಿ ದೇವರನ್ನು ಕೇಳಲೇ ಇಲ್ಲ. ಕೊಡುವುದಿಲ್ಲ ಎಂದು ತಾನೇ ತೀರ್ಮಾನಿಸಿ ಗರ್ಭಗುಡಿಗೆ ಬೀಗ ಹಾಕಿದ್ದ.

ಪೇದೆ ಹೋದ ಮೇಲೆ, ಇದನ್ನು ನೀವೇ ಪೇಮಾಗೆ ಹೇಳಿಬಿಡಿ ಸಾರ್ ಎಂದೆ.

“ಹೇಳಿ ಏನ್ ಬಂತು ಕಣಮ್ಮ? ಸತ್ತೋರು ಎದ್ದು ಬತ್ತಾರಾ?” ಎಂದರು.

ನಾನೇ ಹೇಳಬಹುದಿತ್ತು. ಹೇಳಿದರೆ ಆ ಹೊರೆ ಹೊತ್ತುಕೊಂಡು ವಿಮಾನ ಹತ್ತಬೇಕಾದವಳು ಅವಳು, ಇವರಲ್ಲ. ತಪ್ಪೊಪ್ಪಿಕೊಂಡು ಕಾಲಿಗೆ ಬೀಳುವ ಮನುಷ್ಯನ ಬಾಯಿಂದ ಬಂದರೆ ಅದೊಂದು ಮಾತು. ಕೌಂಟರಿನವಳು ಚಾಡಿ ಹೇಳಿದಂತೆ ಹೇಳಿದರೆ ಅದು ಬರೀ ವಿಷ. ಹೇಳಲಿಲ್ಲ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅವರು ಹೇಳಲಿಲ್ಲವಲ್ಲ, ಅದನ್ನು ಮಾತ್ರ ಇವತ್ತಿಗೂ ಕ್ಷಮಿಸಿಲ್ಲ.

ಊರಿನಲ್ಲಿ ಅವರನ್ನು ಹೊಗಳುವವರು ಬಹಳ. ಫಾರಿನ್ನಿನವರಿಗೂ ರೂಲು ಕಲಿಸಿದ ಮನುಷ್ಯ ಅನ್ನುತ್ತಾರೆ. ಸುಳ್ಳಲ್ಲ. ಕಠಿಣ ಮನುಷ್ಯ, ಆದರೆ ಒಳಗೆ ಮೃದು ಅನ್ನುತ್ತಾರೆ. ಅದೂ ಸುಳ್ಳಲ್ಲದಿರಬಹುದು. ಒಳಗಿನ ಮೃದುವನ್ನು ತೆಗೆದುಕೊಂಡು ನಾವೇನು ಮಾಡೋಣ? ಅದು ಅವರ ಹತ್ತಿರವೇ ಇತ್ತು, ಅವರ ಜೊತೆಗೇ ಹೋಯಿತು. ಕೆಟ್ಟವರ ಕೈಯಲ್ಲಿ ಸಿಕ್ಕಿದರೆ ಮನುಷ್ಯ ಕೂಗಾಡುತ್ತಾನೆ, ಜಗಳವಾಡಿ ಹೇಗೋ ಬಿಡಿಸಿಕೊಳ್ಳುತ್ತಾನೆ. ಇಂಥ ಒಳ್ಳೆಯವರ ಕೈಯಲ್ಲಿ ಸಿಕ್ಕಿದರೆ ಕೃತಜ್ಞತೆ ಬೇರೆ ಹೇಳಬೇಕು.

ಪೇಮಾ ಹೇಳಿದಳು ಕೂಡ. ಮೊದಲ ವಾರದ ಕಾರ್ಯ ಮುಗಿಸಿ, ಮನೆಯ ಕೀಲಿಯನ್ನು ಕ್ಯಾಂಪಿನವರಿಗೆ ಒಪ್ಪಿಸಿ, ಬೆಂಗಳೂರು ಬಸ್ಸು ಹಿಡಿಯುವ ಮುಂಚೆ ಲಾಡ್ಜಿಗೆ ಬಂದಳು. ಚೀಲದಿಂದ ಬಿಳಿ ರೇಷ್ಮೆಯ ಖಾತಾ ತೆಗೆದಳು. ಟಿಬೆಟನ್ನರು ಗೌರವಕ್ಕೆ, ಉಪಕಾರ ಸ್ಮರಣೆಗೆ ಕೊರಳಿಗೆ ಹಾಕುವ ವಸ್ತ್ರ ಅದು. ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಬಾಗಿ ನಿಂತಳು.

“ನೀವು ಅವತ್ತು ಬಂದು ಕರೀದಿದ್ರೆ ನಾನು ಏಳ್ತಿರಲಿಲ್ಲ ಸಾರ್. ಅಮ್ಮನ ಕಾರ್ಯನೂ ಕಳ್ಕೋತಿದ್ದೆ,” ಎಂದಳು.

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಈಗಲಾದರೂ ಬೇಡವ್ವ ಎನ್ನುತ್ತಾರೆ, ಕೈ ಅಡ್ಡ ಹಿಡಿಯುತ್ತಾರೆ ಎಂದುಕೊಂಡೆ. ಪೇದೆ ಹೇಳಿದ್ದು ಕಿವಿಗೆ ಬಿದ್ದು ಇನ್ನೂ ವಾರವಾಗಿರಲಿಲ್ಲ. ಅವರು ತಲೆ ಬಗ್ಗಿಸಿದರು. ನಾಚಿಕೆಗೆ ಬಗ್ಗಿಸಿದರು ಎಂದು ಒಂದು ಗಳಿಗೆ ನಂಬಿದ್ದೆ. ಅವಳ ಕೈಗೆ ಎಟುಕಲಿ ಎಂದು ಬಗ್ಗಿಸಿದ್ದರು. ಕೊರಳಿಗೆ ಬಿದ್ದ ಖಾತಾವನ್ನು ಎರಡೂ ಕಡೆ ಸಮವಾಗಿ ಎಳೆದು ಸರಿಮಾಡಿಕೊಂಡರು.

“ನಿನ್ ಅರ್ಜಿ ಇನ್ನೂ ದಿಲ್ಲೀಲಿ ಹಂಗೇ ಅದೆ ಕಣವ್ವ,” ಎಂದರು. “ವಾಪಸ್ ತಗೋಬೇಡ. ಪರ್ಮಿಟ್ಟು ಬಂದ್ರೆ ನಿಂಗೇ ಕಳುಸ್ತೀನಿ. ಮುಂದಿನ್ಸಲ ಬಂದಾಗ ಆರಾಮಾಗಿ ಕ್ಯಾಂಪಿನ ಒಳ್ಗೇ ಮಲಗಬಹುದು.”

ಪೇಮಾ ಸೂಟ್‌ಕೇಸಿನ ಹಿಡಿ ಎತ್ತಿದವಳು ತಿರುಗಿ ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿದ್ದವರಲ್ಲಿ ವಿಚಾರಿಸುವಂತೆ ಕೇಳಿದಳು.

“ಯಾರ ಮನೇಲಿ ಸಾರ್?”